ಕಮ್ಮಟ ಎಂದರೆ ಕತೆ ಬರೆಯುವ ಶಿಬಿರವಷ್ಟೇ ಅಲ್ಲ

ಪ್ರಶ್ನೆ: ‘ಟಂಕಸಾಲೆ’ ಸಂಸ್ಕೃತದಿಂದ ಬಂದದ್ದು, ‘ಮಿಂಟ್’ ಇಂಗ್ಲಿಷಿನದು. ನಾಣ್ಯ ತಯಾರಿಸುವ ಜಾಗಕ್ಕೆ ನಮ್ಮದೇ ಪದ ಇಲ್ಲವೇ?

ಉತ್ತರ: ಇದು ಎಷ್ಟನೇ ಸಲವೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಇದೆ ಸ್ವಾಮಿ, ಕಮ್ಮಟ! ಕಥಾಕಮ್ಮಟ, ಕಾವ್ಯಕಮ್ಮಟ ಎಂದು ಆಮಂತ್ರಣ ಅಚ್ಚು ಹಾಕಿಸುತ್ತೀರಲ್ಲ, ಆ ಪದ ಎಲ್ಲಿಂದ ಬಂತು ಅಂದುಕೊಂಡಿದ್ದಿರಿ? ನಾಣ್ಯಕ್ಕೆ ಅಚ್ಚೊತ್ತುವ ಜಾಗ ಕಮ್ಮಟ, ಒತ್ತುವವನು ಕಮ್ಮಟಿ. ತಮಿಳಿನಲ್ಲಿ ಕಂಪಟ್ಟಂ. ಮಲಯಾಳಿಗಳು ಕಮ್ಮಟ್ಟವನ್ನು ಇವತ್ತಿಗೂ ಹಳೆಯ ಅರ್ಥದಲ್ಲೇ ಉಳಿಸಿಕೊಂಡಿದ್ದಾರೆ, ಕಳ್ಳನೋಟಿನ ಅಡ್ಡೆಗೂ ಅವರಲ್ಲಿ ಅದೇ ಹೆಸರು. ನಾವು ಮಾತ್ರ ಅದನ್ನು ಸಾಹಿತಿಗಳಿಗೆ ಬಿಟ್ಟುಕೊಟ್ಟು ಮರೆತೆವು. ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣವೆಂಬ ಚಿನ್ನದ ನಾಣ್ಯ ಲೊಕ್ಕಿಗುಂಡಿಯ, ಅಂದರೆ ಗದಗದ ಹತ್ತಿರದ ಇಂದಿನ ಲಕ್ಕುಂಡಿಯ ಕಮ್ಮಟದ್ದು.

ಹಾಗಂತ ಟಂಕಸಾಲೆಯನ್ನು ಓಡಿಸಬೇಕಾಗಿಲ್ಲ. ಟಂಕ ಎಂದರೆ ಉಳಿಯೂ ಹೌದು, ಮುದ್ರೆಯೊತ್ತಿದ ನಾಣ್ಯವೂ ಹೌದು. ಬಾಂಗ್ಲಾದೇಶದ ಟಾಕಾ ಅದೇ ಬಳ್ಳಿಯ ಕಾಯಿ. ಉಪಕರಣ ನೋಡಿ ಹೆಸರಿಡುವುದು ಬೇರೆಯವರ ರೂಢಿಯೂ ಹೌದು. ಅರಬ್ಬಿಯ ‘ಸಿಕ್ಕಾ’ ಮೊದಲು ಅಚ್ಚು, ಆಮೇಲೆ ನಾಣ್ಯ. ಅದು ಇಟಲಿಗೆ ಹೋಗಿ ‘ಜೆಕ್ಕಾ’ ಎಂಬ ಟಂಕಸಾಲೆಯಾಯಿತು. ವೆನಿಸ್ಸಿನ ಚಿನ್ನದ ನಾಣ್ಯ ‘ಜೆಕ್ಕಿನೊ’ ಆಯಿತು. ಇಂಗ್ಲಿಷಿನಲ್ಲಿ ‘ಸೀಕ್ವಿನ್’ ಆಗಿ ಕಡೆಗೆ ನಿಮ್ಮ ಮನೆಯವರ ರವಿಕೆಯ ಚಮಕಿಯಾಗಿ ಕೂತಿತು. ‘ಕಾಯಿನ್’ ಲ್ಯಾಟಿನ್ನಿನ ಬೆಣೆಯಿಂದ ಬಂದದ್ದು. ‘ಮಿಂಟ್’ ಮಾತ್ರ ಬೇರೆ ದಾರಿಯದು: ರೋಮಿನ ಟಂಕಸಾಲೆ ಜೂನೋ ಮೊನೇಟಾ ದೇವಿಯ ಗುಡಿಯ ಬಳಿ ಇತ್ತು. ‘ಮನಿ’ಯೂ ಆ ದೇವಿಯ ಹೆಸರಿನಿಂದಲೇ. ಪುದೀನಾಗೂ ಇದಕ್ಕೂ ಸಂಬಂಧವಿಲ್ಲ, ಮೂವರು ಕೇಳಿದ್ದೀರಿ.

ಪ್ರಶ್ನೆ: ನನ್ನಲ್ಲಿರುವ ಹಳೆಯ ನಾಣ್ಯದಲ್ಲಿ ಅರ್ಧ ಅಕ್ಷರಗಳೇ ಇಲ್ಲ. ನಕಲಿಯೇ?

ಉತ್ತರ: ತೂಕ ಮಾಡಿದ ಲೋಹದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದು. ಅಕ್ಷರ ಹೊರಗುಳಿಯದೆ ಇನ್ನೇನು?

ಪ್ರಶ್ನೆ: ಮೈಸೂರಿನಲ್ಲಿ ನಾಣ್ಯ ಟಂಕಿಸುತ್ತಾರಂತೆ?

ಉತ್ತರ: ಅಲ್ಲಿ ನೋಟು ಮುದ್ರಿಸುತ್ತಾರೆ. ನಾಣ್ಯ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದಲ್ಲಿ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ.

ಪ್ರಶ್ನೆ: ರಾಮನ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯಕ್ಕೆ ಎಷ್ಟು ಸಿಗುತ್ತದೆ?

ಉತ್ತರ: ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಗುಜರಿ ಬೆಲೆ ಸಿಕ್ಕೀತು. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯವಿದೆ ಎಂದು ಮುಂಗಡ ಕೇಳುವವರು ಬಂದರೆ ನನಗೆ ಬರೆಯಬೇಡಿ, ಠಾಣೆಗೆ ಹೋಗಿ.

ಪ್ರಶ್ನೆ: ತಾಮ್ರದ ನಾಣ್ಯವನ್ನು ಹುಣಸೆಹಣ್ಣಿನಿಂದ ತೊಳೆಯಬಹುದೇ?

ಉತ್ತರ: ಬೇಡ. ಹುಡುಗನಾಗಿದ್ದಾಗ ಟಿಪ್ಪುವಿನ ಆನೆ ಕಾಸೊಂದನ್ನು ಹಾಗೇ ತಿಕ್ಕಿದ್ದೆ. ಆನೆ ಫಳಫಳ ಹೊಳೆಯಿತು. ಹಿಂಬದಿಯಲ್ಲಿದ್ದ ಟಂಕಸಾಲೆಯ ಹೆಸರು ಅಳಿಸಿಹೋಯಿತು. ಅದು ಪಟ್ಟಣದ್ದೋ (ಅಂದರೆ ಶ್ರೀರಂಗಪಟ್ಟಣ) ನಗರದ್ದೋ (ಅಂದರೆ ಬಿದನೂರು) ಎಂದು ಈಗಲೂ ಭೂತಗನ್ನಡಿ ಹಿಡಿದು ನೋಡುತ್ತಿರುತ್ತೇನೆ.