ಸೋಂಕಿನ ಕಾಲದಲ್ಲಿ ಕೋವಿ ಇರುವ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡನೇ ಅಲೆ ಇಳಿಯುತ್ತಿರುವ ಈ 2021ರ ಜೂನ್ ತಿಂಗಳಲ್ಲಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕೋವಿ ಇಟ್ಟುಕೊಂಡವರ ಪತ್ರಗಳೇ ಹೆಚ್ಚು. ಕೊಡಗು ಮತ್ತು ಮಲೆನಾಡಿನಿಂದ ಬಂದವಕ್ಕೆ ಕಾರಣ ಕೇಳಬೇಕಾಗಿಲ್ಲ. ಒಂದು ಪತ್ರ ಮಾತ್ರ ಬಹು ದೂರದಿಂದ ಬಂದಿದೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಪ್ರಶ್ನೆ: ನಿಮ್ಮ ಮನೆಯಲ್ಲಿ ಕೋವಿ ಇದೆಯೆಂದು ಹಿಂದೊಮ್ಮೆ ಬರೆದಿದ್ದಿರಿ. ಕಳೆದ ವರ್ಷದಿಂದ ನಡೆದಿರುವ ಈ ಅನಾಹುತದಲ್ಲಿ ಅದು ನಿಮಗೆ ಧೈರ್ಯ ಕೊಟ್ಟಿತೇ? ಕೋವಿ ಉಳ್ಳವರು ಈ ಕಾಲವನ್ನು ನಮಗಿಂತ ಬೇರೆಯಾಗಿ ನೋಡುತ್ತಾರೆಯೇ? (ಮೈಸೂರಿನ ಓದುಗರು)

ಉತ್ತರ: ಧೈರ್ಯ ಕೊಟ್ಟಿತು ಎಂದರೆ ಸುಳ್ಳಾಗುತ್ತದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ಮರುದಿನವೇ, ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರಿಗೆ ಕೊರೋನಾ ಇದ್ದದ್ದು ಖಚಿತವಾಗಿ, ದೇಶದ ಮೊದಲ ಕೊರೋನಾ ಸಾವು ನಮ್ಮ ರಾಜ್ಯದ್ದೇ ಎಂದು ತಿಳಿಯಿತು. ಆ ತಿಂಗಳ ಕೊನೆಗೆ ಮಾಕುಟ್ಟದ ಬಳಿ ಕೇರಳದ ದಾರಿಗೆ ಮಣ್ಣು ಸುರಿದು ಮುಚ್ಚಿದಾಗ, ಪೇಟೆಯಲ್ಲಿ ಅಕ್ಕಿ ಸಿಗದೇ ಹೋದರೆ ಜನ ತೋಟದ ಮನೆಗಳಿಗೆ ನುಗ್ಗಬಹುದೆಂದೂ ಕೋವಿಯನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದೆಂದೂ ಹೇಳಿದವರು ನಮ್ಮಲ್ಲಿಯೂ ಇದ್ದರು. ಯಾರೂ ನುಗ್ಗಲಿಲ್ಲ. ಗೇಟಿನವರೆಗೆ ಬಂದವರು ಆಶಾ ಕಾರ್ಯಕರ್ತೆಯರು ಮಾತ್ರ. ಅವರ ಕೈಯಲ್ಲಿದ್ದದ್ದು ಒಂದು ಪಟ್ಟಿ.

ಆದರೆ ನಿಮ್ಮ ಎರಡನೆಯ ಮಾತಿಗೆ ಬೇರೆ ಉತ್ತರವಿದೆ. ಕೋವಿ ಹಿಡಿಯಲು ಕಲಿಸುವ ಹಿರಿಯರು ಮೊದಲು ಹೇಳುವುದು, ಕೈಗೆ ಬಂದ ಯಾವ ಕೋವಿಯನ್ನೂ ಖಾಲಿಯೆಂದು ನಂಬಬೇಡ ಎಂದು. ಕೊಟ್ಟವರು ಅಣ್ಣನೇ ಆಗಿರಲಿ, ಅವರು ಈಗಷ್ಟೇ ತೆರೆದು ನೋಡಿರಲಿ, ನಾವು ಇನ್ನೊಮ್ಮೆ ಕೋವಿಯನ್ನು ಮಡಚಿ ತೆರೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಅದರಿಂದ ಕೊಟ್ಟವರಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಮಾಸ್ಕ್ ಹಾಕುವಾಗ ನನಗೆ ಒದಗಿದ್ದು ಇದೇ ಅಭ್ಯಾಸ. ನನಗೆ ಸೋಂಕಿದೆ ಎಂಬ ಅನುಮಾನದಿಂದ ನಾನು ಮಾಸ್ಕ್ ಹಾಕಲಿಲ್ಲ, ಇಲ್ಲವೆಂದು ನಂಬಲು ನನ್ನ ಬಳಿ ಆಧಾರವಿರಲಿಲ್ಲವಾದ್ದರಿಂದ ಹಾಕಿದೆ. ‘ಖಾಲಿಯಿದೆ ಅಂದುಕೊಂಡಿದ್ದೆ’ ಎಂಬುದು ಪ್ರತಿಯೊಂದು ಕೋವಿ ಅವಘಡದ ನಂತರ ಕೇಳಿಬರುವ ವಾಕ್ಯ. ‘ಬರೀ ನೆಗಡಿ ಅಂದುಕೊಂಡಿದ್ದೆ’ ಎಂಬುದನ್ನು ಏಪ್ರಿಲ್ ತಿಂಗಳ ಮದುವೆಗಳ ನಂತರ ನಾವೆಲ್ಲ ಕೇಳಿದ್ದೇವೆ. ಆದರೂ ಕೋವಿ ಉಳ್ಳವರೆಲ್ಲ ಹೀಗೆ ನಡೆದುಕೊಂಡರು ಎನ್ನಲಾರೆ. ತೋಟೆ (ಮದ್ದುಗುಂಡು) ತುಂಬಿದ ಕೋವಿಯನ್ನು ಬಾಗಿಲಿಗೆ ಒರಗಿಸಿ ಕಾಫಿ ಕುಡಿಯಲು ಕೂರುವವರಿಗೆ ಮಾಸ್ಕ್ ಗಲ್ಲದ ಕೆಳಗೇ ಇತ್ತು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮೇ ತಿಂಗಳಲ್ಲಿ ಅಮ್ಮ ಕೊರೋನಾದಿಂದ ತೀರಿಕೊಂಡರು. ಎಪ್ಪತ್ತು ದಾಟಿದ ಅಪ್ಪ ಈಗ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಊಟ ಕಡಿಮೆಯಾಗಿದೆ, ಸಂಜೆಯ ಕುಡಿತ ಹೆಚ್ಚಾಗಿದೆ, ಫೋನಿನಲ್ಲಿ ‘ಇನ್ನೇನಿದೆ’ ಎನ್ನುತ್ತಾರೆ. ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಇದೆ. ಅದನ್ನು ತೆಗೆದಿಡಿ ಎಂದರೆ ಅವರಿಗೆ ನೋವಾಗುತ್ತದೆಯೋ ಎಂದು ಹೆದರಿಕೆ. (ಮಡಿಕೇರಿ ತಾಲ್ಲೂಕಿನವರು)

ಉತ್ತರ: ನೋವಾಗಲಿ, ಹೇಳಿ. ಈ ಸಂಚಿಕೆ ಕೈಸೇರುವವರೆಗೆ ಕಾಯದಿರಲೆಂದು ನಿಮಗೆ ಪ್ರತ್ಯೇಕವಾಗಿಯೂ ಬರೆದಿದ್ದೇನೆ.

ಮೊದಲ ಕೆಲಸ, ನೇರವಾಗಿ ಕೇಳುವುದು: ‘ಅಪ್ಪಾ, ಸಾಯಬೇಕೆಂದು ಅನ್ನಿಸುತ್ತಿದೆಯೇ?’ ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಬೇರೂರಿದೆ. ಅದು ಹಾಗಲ್ಲವೆಂದು ಮನೋವೈದ್ಯರು ಮತ್ತೆ ಮತ್ತೆ ಹೇಳುತ್ತಾರೆ. ಕೇಳಿಸಿಕೊಂಡವರಿಗೆ ಬಹಳ ಸಲ ಎದೆಯ ಭಾರ ಇಳಿಯುತ್ತದೆ. ಎರಡನೆಯದು, ಕೋವಿಯನ್ನೂ ಅವರನ್ನೂ ಕೆಲವು ತಿಂಗಳು ದೂರವಿಡುವುದು. ಪ್ರಾಣ ಬೇಡವೆನ್ನಿಸುವ ಗಳಿಗೆ ಸಾಮಾನ್ಯವಾಗಿ ಚಿಕ್ಕದು. ಅದು ದಾಟುವವರೆಗೆ ಕೈಗೆ ಸಾಧನ ಸಿಗದಿದ್ದರೆ ಹೆಚ್ಚಿನವರು ಉಳಿದುಕೊಳ್ಳುತ್ತಾರೆ, ಉಳಿದವರಲ್ಲಿ ಬಹುಪಾಲು ಜನ ಮುಂದೆ ತಮ್ಮ ಆಯುಷ್ಯವನ್ನು ಪೂರೈಸುತ್ತಾರೆ. ಕೋವಿ ಮಾತ್ರ ಎರಡನೇ ಅವಕಾಶ ಕೊಡುವ ವಸ್ತುವಲ್ಲ.

ಮಾತನ್ನು ಹೇಗೆ ಎತ್ತಬೇಕೆಂಬುದು ನಿಮ್ಮ ನಿಜವಾದ ಕಷ್ಟವೆಂದು ಬಲ್ಲೆ. ನಮ್ಮ ಹಿರಿಯರಿಗೆ ಕೋವಿಯನ್ನು ಕಿತ್ತುಕೊಳ್ಳುವುದೆಂದರೆ ಯಜಮಾನಿಕೆಯನ್ನೇ ಕಿತ್ತುಕೊಂಡಂತೆ. ಆದರೆ ಪ್ರತಿ ಚುನಾವಣೆಯಲ್ಲೂ ಗೊಣಗುತ್ತಲೇ ಠಾಣೆಗೆ ಕೊಂಡೊಯ್ದು ಕೊಟ್ಟು, ರಸೀದಿ ಪಡೆದು, ಫಲಿತಾಂಶದ ನಂತರ ಮರಳಿ ತಂದವರೂ ಇವರೇ. ಹಾಗೆಯೇ ಈಗಲೂ, ‘ನೀವೊಬ್ಬರೇ ಇದ್ದೀರಿ, ಮಳೆಗಾಲ ಮುಗಿಯುವ ತನಕ ಠಾಣೆಯಲ್ಲಿಯೋ ಪರವಾನಗಿ ಇರುವ ಅಂಗಡಿಯಲ್ಲಿಯೋ ಇಡೋಣ, ಕೈಲ್‌ಪೊಳ್ದ್‌ಗೆ ನಾನೇ ಬಂದು ತರುತ್ತೇನೆ’ ಎನ್ನಿ (ಕೈಲ್‌ಪೊಳ್ದ್ ಎಂದರೆ ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ). ಅಷ್ಟು ಹೊತ್ತಿಗೆ ಅವರು ಚೇತರಿಸಿಕೊಂಡಿರದಿದ್ದರೆ ತರುವುದನ್ನು ಇನ್ನೂ ಮುಂದೂಡಿ. ನೆರೆಯವರ ಮನೆಯಲ್ಲಿ ಸುಮ್ಮನೆ ಇಟ್ಟುಬಿಡುವುದು ಕಾನೂನಿಗೆ ಸರಿಹೋಗದು. ಇಂದೇ ಆಗದಿದ್ದರೆ, ಆಗುವ ತನಕ ಕೋವಿಗೆ ಬೀಗ ಬೀಳಲಿ, ತೋಟೆಗಳು ಆ ಮನೆಯಿಂದಲೇ ಹೊರಗೆ ಹೋಗಲಿ, ಬೀಗದ ಕೈ ಚಿಕ್ಕಪ್ಪನವರ ಬಳಿಯೋ ಮಾವನವರ ಬಳಿಯೋ ಇರಲಿ. ಯಾರಾದರೂ ಒಬ್ಬರು ರಾತ್ರಿ ಅಲ್ಲಿ ಮಲಗಲಿ. ನಿಮ್ಹಾನ್ಸ್‌ನ ಸಹಾಯವಾಣಿ 080-46110007ರಲ್ಲಿಯೂ ಆರೋಗ್ಯ ಇಲಾಖೆಯ 104ರಲ್ಲಿಯೂ ಕನ್ನಡದಲ್ಲಿ ಮಾತನಾಡುತ್ತಾರೆ. ಅಪ್ಪ ಒಪ್ಪದಿದ್ದರೆ ಮೊದಲು ನೀವೇ ಮಾತನಾಡಿ. ಅಮ್ಮ ಹೋಗಿ ಇನ್ನೂ ಎರಡು ತಿಂಗಳೂ ಆಗಿಲ್ಲವೆಂಬುದನ್ನು, ನಿಮ್ಮ ದುಃಖಕ್ಕೂ ಒಂದು ಜಾಗ ಬೇಕೆಂಬುದನ್ನು, ಈ ಓಡಾಟದಲ್ಲಿ ಮರೆಯಬೇಡಿ.

ಪ್ರಶ್ನೆ: ತಂದೆಯವರು ಕೊರೋನಾದಿಂದ ತೀರಿಕೊಂಡರು. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಕೋವಿ ಮನೆಯಲ್ಲಿದೆ. ಲಾಕ್‌ಡೌನ್ ಮುಗಿದ ಮೇಲೆ ನೋಡಿಕೊಳ್ಳೋಣವೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಬೇಡ. ಪರವಾನಗಿ ವ್ಯಕ್ತಿಗೆ ಸಂಬಂಧಿಸಿದ್ದು, ಮನೆಗಲ್ಲ. ಅವರು ತೀರಿಕೊಂಡ ದಿನದಿಂದ ಆ ಕೋವಿ ನಿಮ್ಮ ಬಳಿ ಇರುವುದಕ್ಕೆ ಆಧಾರವಿಲ್ಲ; ಅನಾವಶ್ಯಕ ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ಮೊದಲು ಠಾಣೆಗೆ ಫೋನ್ ಮಾಡಿ, ಹೊತ್ತು ಗೊತ್ತುಮಾಡಿಕೊಂಡು, ಖಾಲಿ ಮಾಡಿದ ಕೋವಿಯನ್ನೂ ಉಳಿದ ತೋಟೆಗಳನ್ನೂ ಪರವಾನಗಿ ಪುಸ್ತಕದೊಂದಿಗೆ ಒಯ್ದು, ಕೋವಿಯ ಸಂಖ್ಯೆ ಬರೆದ ರಸೀದಿಯನ್ನು ಕೇಳಿ ಪಡೆಯಿರಿ. ಇದು ಕೋವಿಯನ್ನು ಕಳೆದುಕೊಳ್ಳುವುದಲ್ಲ. ಮರಣ ಪ್ರಮಾಣಪತ್ರವನ್ನೂ ಅಣ್ಣತಮ್ಮಂದಿರು, ಅಕ್ಕತಂಗಿಯರ ಒಪ್ಪಿಗೆಯನ್ನೂ ಇಟ್ಟು ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಬಹುದು. ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡು ಕೋವಿಗಳಿದ್ದರೆ ಮಾತ್ರ ದಾರಿಯಿಲ್ಲ. 2019ರ ತಿದ್ದುಪಡಿಯು ಮೂರರ ಮಿತಿಯನ್ನು ಎರಡಕ್ಕೆ ಇಳಿಸಿದೆ, ಪಿತ್ರಾರ್ಜಿತವೆಂದರೂ ಬಿಟ್ಟಿಲ್ಲ. ಹೆಚ್ಚುವರಿ ಕೋವಿಯನ್ನು ಒಪ್ಪಿಸಲು ಕೊಟ್ಟಿದ್ದ ಒಂದು ವರ್ಷದ ಗಡುವು ಮುಗಿದದ್ದು 2020ರ ಡಿಸೆಂಬರಿನಲ್ಲಿ, ಅಂದರೆ ಗಡುವಿನ ಹೆಚ್ಚಿನ ಭಾಗ ಈ ರೋಗದ ಗಲಾಟೆಯಲ್ಲಿಯೇ ಸಂದುಹೋಯಿತು. ಗಮನಿಸದೆ ಉಳಿದವರು ಇನ್ನೂ ಇದ್ದರೆ ವಕೀಲರನ್ನು ಕಾಣುವುದು ಲೇಸು.

ಪ್ರಶ್ನೆ: ಮನೆಯಲ್ಲಿ ಮೂವರಿಗೆ ಸೋಂಕಾದಾಗ ಪಂಚಾಯಿತಿಯವರು ಕೋಣೆಗಳಿಗೆಲ್ಲ ಔಷಧ ಸಿಂಪಡಿಸಿದರು. ಕೋವಿಯ ಮೇಲೂ ಬಿದ್ದಿದೆ. ಸ್ಯಾನಿಟೈಸರಿನಿಂದ ಒರೆಸಿದರೆ ಸಾಕೇ? (ಸೋಮವಾರಪೇಟೆ)

ಉತ್ತರ: ಸ್ಯಾನಿಟೈಸರನ್ನು ಕೈಗೆ ಮಾತ್ರ ಇಟ್ಟುಕೊಳ್ಳಿ. ಸಿಂಪಡಿಸಿದ್ದು ಬಹುತೇಕ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಅದು ಉಕ್ಕನ್ನು ತಿನ್ನುತ್ತದೆ, ಅದರಲ್ಲೂ ನಳಿಗೆಯ ಕಪ್ಪು ಬಣ್ಣವನ್ನು ಬಹು ಬೇಗ ಎಬ್ಬಿಸುತ್ತದೆ. ಸ್ಯಾನಿಟೈಸರಿನಲ್ಲಿರುವ ಆಲ್ಕೋಹಾಲ್ ಕೋವಿಯ ಮೇಲಿರುವ ಎಣ್ಣೆಯ ಪಸೆಯನ್ನೂ ತೆಗೆದು, ಮರದ ಹಿಡಿಯ ಮೆರುಗನ್ನೂ ಹಾಳುಮಾಡುತ್ತದೆ. ಕೋವಿಯನ್ನು ಖಾಲಿಮಾಡಿ, ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ, ಆಮೇಲೆ ಬರಿಯ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ನಳಿಗೆಯ ಒಳಗೂ ಹೊರಗೂ ತೆಳ್ಳಗೆ ಎಣ್ಣೆ ಹಚ್ಚಿ. ಕುದುರೆಯ (ಗುಂಡು ಹಾರಿಸಲು ಎಳೆಯುವ ಕೀಲಿನ) ಸಂದುಗಳಿಗೆ ದ್ರಾವಣ ಇಳಿದಿದ್ದರೆ ಬಲ್ಲವರಿಂದ ಬಿಚ್ಚಿಸಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ನಮ್ಮ ಜೂನ್–ಜುಲೈ ಮಳೆಯಲ್ಲಿ ಚರ್ಮ ತೇವವನ್ನು ಹೀರಿ ನಳಿಗೆಗೇ ಕೊಡುತ್ತದೆ. ಇನ್ನು ಸೋಂಕಿನ ಭಯ: ಪ್ರಯೋಗಾಲಯದಲ್ಲಿ ಈ ವೈರಾಣು ಉಕ್ಕಿನ ಮೇಲೆ ಹೆಚ್ಚೆಂದರೆ 3 ದಿನ ಉಳಿದದ್ದು ಕಂಡುಬಂದಿತ್ತು, ವಸ್ತುಗಳ ಮೂಲಕ ಹರಡುವ ಸಂಭವ ತೀರ ಕಡಿಮೆಯೆಂದು ಈಗ ತಿಳಿದಿದೆ. ಬೀಗ ಹಾಕಿ ನಾಲ್ಕು ದಿನ ಮುಟ್ಟದಿದ್ದರೆ ಅದೇ ಸಾಕಾಗುತ್ತಿತ್ತು.

ಪ್ರಶ್ನೆ: ಲಾಕ್‌ಡೌನಿನಲ್ಲಿ ಮಾಂಸದ ಅಂಗಡಿ ಮುಚ್ಚಿರುವಾಗ ಗದ್ದೆಗೆ ಬಂದ ಹಂದಿಯೊಂದನ್ನು ಹೊಡೆದರೆ ಏನು ಮಹಾ ಅಪರಾಧ? (ಊರಿನ ಹೆಸರು ಬರೆದಿಲ್ಲ)

ಉತ್ತರ: ಊರಿನ ಹೆಸರು ಬರೆಯದಿರುವುದನ್ನು ನೋಡಿದರೆ ಉತ್ತರ ತಮಗೆ ಗೊತ್ತಿದೆ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಬೆಳೆಯ ಕಾರಣಕ್ಕೆ ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಯದು, ಹಸಿವಾದ ಗದ್ದೆಯ ಮಾಲೀಕರದಲ್ಲ. ಕಳೆದ ವರ್ಷ ಲಾಕ್‌ಡೌನಿಗೆ ಹಿಂದಿನ ಆರು ವಾರಗಳಲ್ಲಿ ದೇಶದಾದ್ಯಂತ ವರದಿಯಾಗಿದ್ದ ಕಳ್ಳಬೇಟೆಯ ಪ್ರಕರಣಗಳು 35, ಲಾಕ್‌ಡೌನಿನ ಆರು ವಾರಗಳಲ್ಲಿ 88 ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ ಲೆಕ್ಕ ಕೊಟ್ಟಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದ್ದರೂ ಅದನ್ನು ಪ್ರಶ್ನಿಸಿದ ಅರ್ಜಿ 2021ರ ಈ ಜೂನ್ ತಿಂಗಳಲ್ಲಿ ಹೈಕೋರ್ಟಿನ ಮುಂದಿದೆ. ಇಂಥ ಹೊತ್ತಿನಲ್ಲಿ ಒಬ್ಬರ ಒಂದು ಊಟಕ್ಕಾಗಿ ಎಲ್ಲರ ಕೋವಿಯ ಮೇಲೆ ಮಾತು ಬರುವುದು ಬೇಡ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ಕಳೆದ ವರ್ಷದಿಂದ ಅಕ್ಕಪಕ್ಕದವರು, ಎಂದೂ ಮುಟ್ಟದವರು ಸಹ, ಕೋವಿ ಕೊಂಡಿದ್ದಾರೆ. ಏಷ್ಯಾ ಮೂಲದವರ ಮೇಲಿನ ದಾಳಿಗಳ ಸುದ್ದಿ ಕೇಳಿ ಹೆಂಡತಿಯೂ ಹೆದರಿದ್ದಾಳೆ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿವೆ, ಶಾಲೆ ಪರದೆಯ ಮೇಲೆ ನಡೆದಿದೆ. ನಾನೂ ಒಂದು ಪಿಸ್ತೂಲು ಕೊಳ್ಳಲೇ?

ಉತ್ತರ: ನಿಮ್ಮ ಹೆದರಿಕೆಯನ್ನು ಹಗುರವಾಗಿ ಕಾಣಲಾರೆ, ಮಾರ್ಚ್ 16ರಂದು ಅಟ್ಲಾಂಟಾದ ಸುತ್ತಮುತ್ತ ನಡೆದ ಗುಂಡಿನ ದಾಳಿಯಲ್ಲಿ ಸತ್ತ 8 ಜನರಲ್ಲಿ 6 ಮಂದಿ ಏಷ್ಯಾ ಮೂಲದ ಹೆಂಗಸರು. ನೆರೆಯವರ ವಿಷಯವೂ ನಿಮ್ಮ ಕಲ್ಪನೆಯಲ್ಲ. ಕೋವಿ ಮಾರಾಟಕ್ಕೆ ಸಂಬಂಧಿಸಿದ ಎಫ್‌ಬಿಐ ಹಿನ್ನೆಲೆ ತಪಾಸಣೆಗಳು 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಗೆ ಏರಿದವು. ಅಲ್ಲಿ ಕೋವಿ ಅಂಗಡಿಯ ಕೆಲಸವನ್ನು ಔಷಧದ ಅಂಗಡಿಯ ಸಾಲಿಗೆ ಸೇರಿಸಿ, ಅಗತ್ಯ ಸೇವೆಯೆಂದು ಕೇಂದ್ರದ ಸಲಹಾ ಪಟ್ಟಿಯಲ್ಲಿಯೇ ಬರೆದಾಗ, ಕೋವಿಯ ನಾಡಿನವನಾದ ನನಗೂ ಅಚ್ಚರಿಯಾಯಿತು.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೋವಿ ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು. ನಿಮ್ಮ ರಾಜ್ಯದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಿ, ಕೊಂಡ ಮೇಲೂ 10 ದಿನ ಕಾಯಬೇಕು. ಕೊಳ್ಳಬಹುದು ಎಂದಮಾತ್ರಕ್ಕೆ ಕೊಳ್ಳಬೇಕೇ ಎಂದರೆ, ನಿಮ್ಮ ಮನೆಯ ಮಟ್ಟಿಗೆ ಬೇಡವೆಂದು ನನ್ನ ಅಭಿಪ್ರಾಯ. ಹೆದರಿ ಕೊಂಡ ಪಿಸ್ತೂಲನ್ನು ಯಾರೂ ಬೀಗದಲ್ಲಿಡುವುದಿಲ್ಲ, ಬೀಗದಲ್ಲಿಟ್ಟರೆ ಹೆದರಿಕೆ ಹೋಗುವುದಿಲ್ಲ. ಮಕ್ಕಳೋ ದಿನವಿಡೀ ಮನೆಯಲ್ಲೇ ಇದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ ಸುಮಾರು 39,700 ಜನರಲ್ಲಿ 23,900ಕ್ಕೂ ಹೆಚ್ಚು ಜನ ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ಹೊರಗಿನವರಿಗೆಂದು ತಂದದ್ದು ಒಳಗಿನವರ ಮೇಲೆಯೇ ತಿರುಗುವುದು ಆ ದೇಶದ ಲೆಕ್ಕದಲ್ಲಿಯೇ ಇದೆ.

ಪ್ರಶ್ನೆ: ಸಾವಿನ ಮನೆಯಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮ ಪದ್ಧತಿ. ಅಂತ್ಯಕ್ರಿಯೆಗೆ 5 ಜನ ಮಾತ್ರ ಎಂದಿರುವಾಗ, ಯಾರೂ ಬರಬಾರದ ಮನೆಯಿಂದ ಗುಂಡು ಹಾರಿಸುವುದು ಸರಿಯೇ? ಸೆಪ್ಟೆಂಬರಿನ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನಡೆಸಬಹುದೇ? (ಪೊನ್ನಂಪೇಟೆ)

ಉತ್ತರ: ಹಾರಿಸಿ. ಅದು ಮೊದಲಿಗೆ ಸುದ್ದಿ, ಆಮೇಲೆ ಆಹ್ವಾನ. ಬರಲಾಗದವರು ಕೇಳಿಸಿಕೊಂಡು ತಮ್ಮ ತಮ್ಮ ಮನೆಯಲ್ಲೇ ಎದ್ದು ನಿಂತ ದಿನಗಳನ್ನು ಈ ಮೇ ತಿಂಗಳಲ್ಲಿ ನಮ್ಮ ಊರೂ ಕಂಡಿದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಿದ್ದರೆ ಚರೆ (ಸೀಸದ ಗುಂಡು) ಹಾಕದೆ ಬರಿಯ ಮದ್ದು ತುಂಬಿ, ಮನೆ ಮರಗಳಿಲ್ಲದ ಕಡೆಗೆ ತಿರುಗಿಸಿ, ಕುಡಿಯದವರೊಬ್ಬರು ಹಾರಿಸಲಿ; ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದಲೋ ಸಂಭ್ರಮಕ್ಕೆಂದೋ ಹಾರಿಸಿದರೆ ಈಗ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ.

ಸ್ಪರ್ಧೆಯ ಮಾತು ಬೇರೆ. ಆಯುಧಗಳನ್ನು ಶುಚಿಗೊಳಿಸಿ, ನಡುಮನೆಯಲ್ಲಿಟ್ಟು, ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವುದಕ್ಕೆ ಮನೆಯವರೇ ಸಾಕು. ಸ್ಪರ್ಧೆಯಲ್ಲಿ ಬಯಲಿನಲ್ಲಿ ದೂರ ದೂರ ನಿಂತು ಗುರಿಯಿಡುವುದರಿಂದ ಸೋಂಕು ಹರಡುವ ಸಂಭವ ಕಡಿಮೆ; ಹರಡುವುದು ಸರದಿಗೆ ಕಾಯುವವರ ಗುಂಪಿನಲ್ಲಿ, ಒಂದೇ ಕೋವಿಗೆ ಹತ್ತು ಜನ ಕೆನ್ನೆ ಒತ್ತುವಾಗ, ಎಲ್ಲಕ್ಕಿಂತ ಮಿಗಿಲಾಗಿ ಆಮೇಲಿನ ಊಟದ ಪಂಕ್ತಿಯಲ್ಲಿ. ಎರಡೂ ಡೋಸ್ ಆದವರ ಪಟ್ಟಿಯನ್ನು ಈಗಿನಿಂದಲೇ ಮಾಡಿಕೊಳ್ಳಿ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 2021ರ ಈಗಿನ ನಿಯಮದಂತೆ 12ರಿಂದ 16 ವಾರಗಳ ಅಂತರವಿರುವುದರಿಂದ, ಇಂದು ಮೊದಲನೆಯದನ್ನು ಪಡೆದವರಿಗೆ ಎರಡನೆಯದು ಹಬ್ಬಕ್ಕೆ ಮುಂಚೆ ಸಿಗುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಜಿಲ್ಲಾಡಳಿತದ ಆದೇಶ ನೋಡಿ ತೀರ್ಮಾನಿಸಿ, ಊಟವನ್ನು ಮಾತ್ರ ಪೊಟ್ಟಣ ಕಟ್ಟಿ ಮನೆಗೆ ಕಳುಹಿಸಿ.