ಉಪ್ಪು ನೀರಿನ ಬೋರ್‌ವೆಲ್: ಹನಿಯೋ, ತುಂತುರೋ?

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನ ಇ.ಸಿ. (ವಿದ್ಯುತ್ ವಾಹಕತೆ, ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) 2.0 dS/m ಎಂದು ವರದಿ ಬಂದಿದೆ. ತುಂತುರು ಹಾಕಿದರೆ ಟೊಮೆಟೊ ಎಲೆಯಂಚು ಸುಡುತ್ತದೆ, ಹನಿ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಯಾವುದು ಸರಿ? ನೀರು ಕಡಿಮೆ ಬಿಟ್ಟರೆ ಉಪ್ಪೂ ಕಡಿಮೆಯಾಗುವುದಿಲ್ಲವೇ?

ಉತ್ತರ: ಹನಿಯನ್ನೇ ಉಳಿಸಿಕೊಳ್ಳಿ. ತುಂತುರಿನಲ್ಲಿ ಎಲೆಯೇ ನೇರವಾಗಿ ಸೋಡಿಯಂ, ಕ್ಲೋರೈಡ್ ಹೀರುತ್ತದೆ. ಬಿಸಿಲು, ಗಾಳಿಯ ಹೊತ್ತಿನಲ್ಲಂತೂ ಇನ್ನೂ ಕೆಟ್ಟದ್ದು.

ನೀರು ಕಡಿಮೆ ಬಿಡುವುದು ಮಾತ್ರ ಖಂಡಿತ ಬೇಡ. ಈ ನೀರಿನ ಒಂದು ಲೀಟರಿನಲ್ಲಿ ಸುಮಾರು 1.3 ಗ್ರಾಂ ಉಪ್ಪಿರುತ್ತದೆ. ಒಂದು ಎಕರೆಗೆ 100 ಮಿ.ಮೀ. ನೀರು ಹಾಯಿಸಿದರೆ 500 ಕೆ.ಜಿ.ಗೂ ಹೆಚ್ಚು ಉಪ್ಪು ಹೊಲ ಸೇರಿತು. ಗಿಡ ನೀರು ಕುಡಿದು ಉಪ್ಪನ್ನು ಬಹುಪಾಲು ಮಣ್ಣಲ್ಲೇ ಬಿಡುತ್ತದೆ. ಅದನ್ನು ಬೇರಿನ ಕೆಳಗೆ ತಳ್ಳಲು ಹೆಚ್ಚುವರಿ ನೀರೇ ಬೇಕು. ಟೊಮೆಟೊಗೆ ಈ ನೀರು ಹಾಯಿಸುವಾಗ, ಬಿಡುವ ಒಟ್ಟು ನೀರಿನಲ್ಲಿ ಆ ಹೆಚ್ಚುವರಿ ಪಾಲು ಸುಮಾರು 19% ಇರಬೇಕು. ಅಂದರೆ 5 ಗಂಟೆ ಹನಿ ಬಿಡುವ ಕಡೆ 6 ಗಂಟೆ 10 ನಿಮಿಷ ಬಿಡಿ. ನೀರು ಬಸಿಯದ ಜಿಗುಟು ಮಣ್ಣಾದರೆ ಮೊದಲು ಬಸಿಗಾಲುವೆ ತೆಗೆಯಿರಿ. ಇಲ್ಲದಿದ್ದರೆ ಕೆಳಗೆ ನಿಂತ ನೀರು ಉಪ್ಪನ್ನು ಮತ್ತೆ ಮೇಲಕ್ಕೆ ಎಳೆದು ತರುತ್ತದೆ.

ಬಿಳಿ ಪೊರೆ ಕಟ್ಟುವುದು ಒದ್ದೆ–ಒಣ ಮಣ್ಣು ಕೂಡುವ ಅಂಚಿನಲ್ಲಿ. ಅಲ್ಲೇ ಇದ್ದರೆ ಗಿಡಕ್ಕೆ ಅಷ್ಟು ಬಾಧೆಯಿಲ್ಲ. ಸಣ್ಣ ಮಳೆ ಬಂದಾಗ ಹುಷಾರಾಗಿರಿ: ಆ ಉಪ್ಪು ಕರಗಿ ಬೇರಿಗೆ ಇಳಿಯುತ್ತದೆ. ಮಳೆ ಬರುತ್ತಿದೆ ಎಂದು ಪಂಪ್ ನಿಲ್ಲಿಸಬೇಡಿ, ಹನಿ ಓಡುತ್ತಲೇ ಇರಲಿ.

ಮುಂದಿನ ಬೆಳೆಗೆ ಬೀನ್ಸ್, ಈರುಳ್ಳಿ ಬೇಡ. ಇಳುವರಿ ಮೂರನೇ ಒಂದು ಭಾಗದಷ್ಟು ಇಳಿಯಬಹುದು. ಜೋಳ, ಹತ್ತಿ ಈ ನೀರನ್ನು ಸಲೀಸಾಗಿ ತಡೆಯುತ್ತವೆ. ಆದರೂ ಮೊಳಕೆಯ ಹಂತ ಸೂಕ್ಷ್ಮ, ಆಗ ಕೆರೆ ಅಥವಾ ಮಳೆ ನೀರು ಸಿಕ್ಕರೆ ಅದನ್ನೇ ಕೊಡಿ.

ಪ್ರಶ್ನೆ: ಜಿಪ್ಸಂ ಹಾಕಿದರೆ ಉಪ್ಪು ಹೋಗುತ್ತದೆಯೇ?

ಉತ್ತರ: ಇಲ್ಲ. ಜಿಪ್ಸಂ ಕೂಡ ಒಂದು ಲವಣವೇ. ಸೋಡಿಯಂ ಹೆಚ್ಚಾಗಿ ಮಣ್ಣು ಬಿರುಸಾದಾಗ, ನೀರು ಇಂಗದೆ ಕದಡಿ ನಿಂತಾಗ ಅದು ಕೆಲಸಕ್ಕೆ ಬರುತ್ತದೆ. ಹಾಗಾಗಿ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಪಂಪನ್ನು ಅರ್ಧ ಗಂಟೆ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿಸಿ. ಇ.ಸಿ. ಒಂದೇ ಸಾಲದು, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಕೂಡ ಬರೆದುಕೊಡಲು ಕೇಳಿ.