ಮುಂದಿನ ಸಾಲಿನ ಕುರ್ಚಿ

ಮಂಡ್ಯದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಕ್ರೈಸ್ತರ ದೀನತೆಯನ್ನು ಬಾಯ್ತುಂಬ ಹೊಗಳಿದ್ದೀರಿ. ತಗ್ಗಿ ನಡೆ ಅನ್ನುವ ಮಾತು ಬಡವರನ್ನು ಬಗ್ಗಿಸಿಡಲು ಹುಟ್ಟಿದ್ದು. ನನ್ನ ಮಗ ಕೆಲಸ ಹುಡುಕುತ್ತಿದ್ದಾನೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳದಿದ್ದರೆ ಅವನನ್ನು ಯಾರು ಕೇಳುತ್ತಾರೆ? ಸ್ವಲ್ಪ ಜಂಭ ಇದ್ದರೆ ತಪ್ಪೇನು?"

ಉತ್ತರ: ಮೇಲಿರುವವರು ಕೆಳಗಿರುವವರಿಗೆ ವಿನಯದ ಪಾಠ ಹೇಳುವುದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಅಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಈ ಪಾಠವನ್ನು ಯೇಸು ಯಾರಿಗೆ ಹೇಳಿದರು ಅಂತ ಗಮನಿಸಿದ್ದೀರಾ? ಬೈಬಲಿನಲ್ಲಿ ಲೂಕ ಬರೆದ ಸುವಾರ್ತೆಯ 14ನೇ ಅಧ್ಯಾಯ ತೆಗೆದು ನೋಡಿ. ದೊಡ್ಡವರೊಬ್ಬರ ಮನೆಯಲ್ಲಿ ಊಟ. ಬಂದವರೆಲ್ಲ ಒಳ್ಳೆಯ ಜಾಗ ಹಿಡಿಯಲು ನೋಡುತ್ತಿದ್ದಾರೆ. ಮುಂದೆ ಹೋಗಿ ಕೂರಬೇಡ, ನಿನಗಿಂತ ದೊಡ್ಡವನು ಬಂದರೆ ಎಬ್ಬಿಸುತ್ತಾರೆ ಅಂತ ಹೇಳಿದ್ದು ಅವರಿಗೆ. ನಮ್ಮ ಮೈಸೂರಿನ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗೆ ಕರ್ಚೀಫು ಹಾಕುವವರಿಗೂ ಧಾರಾಳವಾಗಿ ಹೇಳಬಹುದು.

ಆದರೆ ನನ್ನನ್ನು ಕಾಡುವುದು 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಫರಿಸಾಯ, ಅಂದರೆ ಧರ್ಮದ ಕಟ್ಟಳೆಗಳನ್ನು ಚಾಚೂ ತಪ್ಪದೆ ಪಾಲಿಸುವ ಯೆಹೂದಿ ಪಂಗಡದವನು. ಅವನೇನು ಕೆಟ್ಟವನಲ್ಲ. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತನೇ ಒಂದು ಪಾಲು ದೇವರಿಗೆ. ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ನಾವೇ ಖುಷಿಪಡುತ್ತೇವೆ. ಪಾಪ, ಪ್ರಾರ್ಥನೆ ಮಾಡುವಾಗ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ದೂರದಲ್ಲಿ, ಜನ ಪಾಪಿ ಅಂತ ಹಳಿಯುತ್ತಿದ್ದ ಸುಂಕ ವಸೂಲಿಯವನೊಬ್ಬ ಎದೆ ಬಡಿದುಕೊಳ್ಳುತ್ತಿದ್ದ. 'ದೇವರೇ, ನಾನು ಇವನ ಥರ ಅಲ್ಲವಲ್ಲ, ಸದ್ಯ' ಅಂದುಬಿಟ್ಟ. ಮಾಡಿದ್ದೆಲ್ಲ ನೀರುಪಾಲು. ಬೇರೆ ಪಾಪಗಳು ಕೆಟ್ಟ ಕೆಲಸದಲ್ಲಿ ಕಾಣಿಸಿಕೊಳ್ಳುತ್ತವೆ, ಗರ್ವ ಮಾತ್ರ ಒಳ್ಳೆಯ ಕೆಲಸದೊಳಗೇ ಹೊಂಚು ಹಾಕಿ ಅದನ್ನು ಕೆಡಿಸುತ್ತದೆ ಅಂತ ಸಂತ ಅಗಸ್ಟೀನ್ ಬರೆದಿದ್ದಾರೆ. ಅದಕ್ಕೇ ನನಗೆ ಕಳ್ಳರಿಗಿಂತ ಸಜ್ಜನರ ಭಯ ಜಾಸ್ತಿ.

ನಿಮ್ಮ ಜಿಲ್ಲೆಯ ಗಂಜಾಂ ಕಡೆ ಹೋದರೆ ಅಬ್ಬೆ ದುಬಾಯ್ ಅವರನ್ನು ನೆನೆಸಿಕೊಳ್ಳಿ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ. ಇಲ್ಲಿಯವರಂತೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು. ಜನ 'ದೊಡ್ಡ ಸ್ವಾಮಿಯೋರು' ಅಂದರು. 1803-04ರಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. 25 ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿದ ಲೆಕ್ಕ ಇದೆ. ಭಾರತದಲ್ಲಿ ಒಟ್ಟು ಸುಮಾರು 30 ವರ್ಷ ಇದ್ದು 1823ರಲ್ಲಿ ವಾಪಸಾದರು. ಹೊರಟವರು ಸಾಧನೆಯ ಪಟ್ಟಿ ಮಾಡಲಿಲ್ಲ. ಮತಾಂತರದ ಕೆಲಸ ಸೋತಿತು, ನನ್ನಿಂದ ಆಗಿದ್ದು ಇನ್ನೂರು ಮುನ್ನೂರು ಜನ ಅಷ್ಟೇ ಅಂತ ಅಚ್ಚು ಹಾಕಿಸಿದರು. ಈ ಕಾಲದಲ್ಲಿ ಯಾವ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಇಂಥ ಸಾಲು ಓದಿದ್ದೀರಿ? ನಮ್ಮ ಜನರ ಬಗ್ಗೆ ಅವರು ಬರೆದದ್ದರಲ್ಲಿ ತಾತ್ಸಾರವೂ ಸಾಕಷ್ಟಿದೆ, ಅದು ಬೇರೆ ಮಾತು. ವಿನಯ ಒಬ್ಬ ಮನುಷ್ಯನ ಎಲ್ಲ ಮೂಲೆಗೂ ಒಟ್ಟಿಗೇ ತಲುಪುವುದಿಲ್ಲ.

ನಿಮ್ಮ ಮಗನ ವಿಷಯ. ಕಲಿತದ್ದನ್ನು ಮುಚ್ಚಿಡು ಅಂತ ಲೂಕನೂ ಬರೆದಿಲ್ಲ, ಅಗಸ್ಟೀನರೂ ಬರೆದಿಲ್ಲ. ಧೈರ್ಯವಾಗಿ ಹೇಳಲಿ. ಜೊತೆಗೆ ಬಂದ ಹುಡುಗನನ್ನು ಕೆಳಗೆ ತಳ್ಳಿ ಹೇಳದಿದ್ದರಾಯಿತು.

ಯೇಸು ತಮ್ಮ ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ದಿನ ಪವಿತ್ರ ಗುರುವಾರ. ಪೋಪ್ ಫ್ರಾನ್ಸಿಸ್ 2013ರಲ್ಲಿ ಆ ದಿನ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಜನರ ಕಾಲು ತೊಳೆದರು. ಅದರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ನಮ್ಮಲ್ಲಿ ವಾರ್ಡ್ ಮಟ್ಟದ ಮುಖಂಡರು ರಸ್ತೆ ಗುಂಡಿ ಮುಚ್ಚಿಸಿದರೂ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ, ಗುಂಡಿಗಿಂತ ದೊಡ್ಡದು. ಮೈಸೂರು ಪೇಟಕ್ಕೆ ಒಂದು ಕಾಲದಲ್ಲಿ ಎಂಥ ಮರ್ಯಾದೆ ಇತ್ತು! ಈಗ ಸನ್ಮಾನ ಆಗದ ತಲೆ ಸಿಕ್ಕುವುದೇ ಕಷ್ಟ.

ಸಾಹಿತಿಗಳೇನು ಕಡಿಮೆಯೇ? ನಮ್ಮ ಕಚೇರಿಗೆ ಬರುವ ಅಂಚೆಯಲ್ಲಿ ಕವಿತೆ ಎಂಟು ಸಾಲು, ಕವಿಪರಿಚಯ ಎರಡು ಪುಟ. ಶಾಲು ಹೊದ್ದ ಫೋಟೋ ಬೇರೆ. ನಿಮ್ಮ ಪತ್ರದ ಜೊತೆ ಫೋಟೋ ಇರಲಿಲ್ಲ. ಆ ಖುಷಿಗೇ ಅದನ್ನು ಮೊದಲು ಓದಿದ್ದು.

– ಸಂಪಾದಕ